ಬಿದಿರುಹಳ್ಳ ಗೇಟಿನಲ್ಲಿ ತಡೆದಿಟ್ಟಿರುವ ಒಂದು ಕಲ್ಲಿನ ಬಗ್ಗೆ

ಗೇಟಿನ ಆಚೆ ಬದಿಯಲ್ಲಿ ಕುಳಿತಿರುವ ಮಾನ್ಯರೇ,

ಬಿದಿರುಹಳ್ಳದ ನಿಮ್ಮ ಅರಣ್ಯ ತಪಾಸಣಾ ಗೇಟಿನಲ್ಲಿ ಕಳೆದ ಏಪ್ರಿಲ್ ಒಂಬತ್ತನೇ ತಾರೀಖು, ಯುಗಾದಿಯ ಮಾರನೆಯ ದಿನ, ಚಿಕ್ಕಮಾದಿ ಎಂಬ ಅರವತ್ತು ದಾಟಿದ ಹೆಂಗಸಿನಿಂದ ಒಂದು ಕಲ್ಲನ್ನು ವಶಪಡಿಸಿಕೊಳ್ಳಲಾಗಿದೆ. ರಸೀದಿ ನಂಬರು ನೂರ ಹದಿನೇಳು. ಆ ಕಲ್ಲು ಅವಳ ಸತ್ತ ಗಂಡನದು. ಅದನ್ನು ಅವಳ ಕೈಗೆ ಕೊಟ್ಟು, ಒಂದೇ ಒಂದು ಹೊತ್ತು ಒಳಗೆ ಬಿಡಿ ಎಂದು ಎರಡು ಅರ್ಜಿ ಹಾಕಿದ್ದೇನೆ, ಮೂರು ಸಲ ನಿಮ್ಮ ಕಚೇರಿಯ ಜಗಲಿಯಲ್ಲಿ ನಿಂತು ಬಂದಿದ್ದೇನೆ. ಈಗ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ಹೀಗೆ ಬರೆದರೆ ನೀವು ಓದುತ್ತೀರಿ ಎಂಬ ಭ್ರಮೆ ನನಗಿಲ್ಲ. ಓದಲಿಲ್ಲ ಎನ್ನುವುದು ನಿಮಗೆ ಸ್ವಲ್ಪ ಕಷ್ಟವಾಗಲಿ ಎಂಬುದಷ್ಟೇ ನನ್ನ ಆಸೆ.

ನಾನು ಯಾರು ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಿಮ್ಮ ಗೇಟಿನ ಎದುರಿನ ಟೀ ಅಂಗಡಿ ನನ್ನದು. ನಿಮ್ಮ ಸಾಲು ಉದ್ದವಾದ ದಿನ ನನ್ನ ಒಲೆಗೆ ಬಿಡುವಿಲ್ಲ, ಸಾಲು ಬೇಗ ಕರಗಿದ ದಿನ ನನ್ನ ಹಾಲು ಒಡೆಯುತ್ತದೆ. ಹಾಗಾಗಿ ಸಾಲಿನ ಮೇಲೆ ದೂರು ಬರೆಯುವುದು ನನ್ನ ಹಿತಕ್ಕೆ ವಿರುದ್ಧವಾದ ಕೆಲಸ, ಇದನ್ನು ದಯವಿಟ್ಟು ಗಮನಿಸಬೇಕು. ನನ್ನ ಓದು ನಾಲ್ಕನೇ ಕ್ಲಾಸು. ಹೆಗ್ಗಡದೇವನಕೋಟೆಯ ತಾಲ್ಲೂಕು ಕಚೇರಿ ಎದುರಿನ ಹೋಟೆಲಿನಲ್ಲಿ ಲೋಟ ತೊಳೆಯುತ್ತಾ, ಅರ್ಜಿ ಬರೆಯುವವರ ಹೆಗಲ ಮೇಲಿಂದ ಇಣುಕಿ ಬರವಣಿಗೆ ಕಲಿತೆ. ಆಮೇಲೆ ಅವರ ಪಕ್ಕದಲ್ಲೇ ಒಂದು ಪೆಟ್ಟಿಗೆ ಹಾಕಿಕೊಂಡು ಹನ್ನೊಂದು ವರ್ಷ ನಾನೂ ಅರ್ಜಿ ಬರೆದೆ. ಯಾವ ಅರ್ಜಿಗೆ ಉತ್ತರ ಬರುತ್ತದೆ, ಯಾವುದಕ್ಕೆ ಬರುವುದಿಲ್ಲ ಎಂಬುದು ಲಕೋಟೆ ಅಂಟಿಸುವಾಗಲೇ ನನಗೆ ಗೊತ್ತಾಗುತ್ತಿತ್ತು. ಈ ಪತ್ರ ಯಾವ ಜಾತಿಯದು ಎಂಬುದೂ ಗೊತ್ತಿದೆ.

ನನ್ನ ಬಳಿ ಒಂದು ಪುಸ್ತಕವಿದೆ. ಅಂಗಡಿಯ ಲೆಕ್ಕವನ್ನು ನನ್ನ ಹೆಂಡತಿ ಬಾಯಲ್ಲೇ ಇಟ್ಟುಕೊಂಡಿದ್ದಾಳೆ. ನನ್ನ ಪುಸ್ತಕದಲ್ಲಿರುವುದು ಹೊತ್ತಿನ ಲೆಕ್ಕ. ಆ ಭಾನುವಾರದ ಪುಟ ತೆರೆದು ಹೇಳುತ್ತೇನೆ. ಗೇಟು ತೆರೆಯಬೇಕಾದ್ದು ಆರಕ್ಕೆ, ತೆರೆದದ್ದು ಆರೂ ಮುಕ್ಕಾಲಿಗೆ. ಹುಣಸೂರು ಕಡೆಯಿಂದ ಬಂದ ಕಾರು ಮೂವತ್ತೊಂದು, ವ್ಯಾನು ಒಂಬತ್ತು, ಬಸ್ಸು ನಾಲ್ಕು. ಜನ ಮುನ್ನೂರಕ್ಕೆ ಕಡಿಮೆಯಿಲ್ಲ. ತಪಾಸಣೆ ಮಾಡುವ ಕೈ ಎರಡು. ಎರಡೂ ಒಬ್ಬನವೇ, ಅವನ ಹೆಸರು ಮಂಚಯ್ಯ, ದಿನಗೂಲಿ. ಚೀಟಿ ಬರೆಯುವ ಗುಮಾಸ್ತರು ಒಬ್ಬರು. ಒಳಗೆ ಓಡಾಡುವ ಇಲಾಖೆಯ ವ್ಯಾನುಗಳು ಎರಡು, ಅದರಲ್ಲಿ ಒಂದು ಮರದ ಕೆಳಗೆ ಬಾನೆಟ್ಟು ಎತ್ತಿಕೊಂಡು ನಿಂತಿತ್ತು. ಹತ್ತು ಗಂಟೆಗೆ ಗೇಟು ಮುಚ್ಚಿದರೆ ಮತ್ತೆ ಮಧ್ಯಾಹ್ನ ಮೂರಕ್ಕೆ. ಈ ಲೆಕ್ಕದಲ್ಲಿ ಮುನ್ನೂರು ಜನರನ್ನು ಹೇಗೆ ಒಳಗೆ ಕಳಿಸಬೇಕೆಂದು ನೀವು ಕಾಗದದ ಮೇಲೆ ಒಮ್ಮೆ ಹಾಕಿ ನೋಡಿದ್ದೀರಾ?

ಹೊಸತೊಡಕಿನ ದಿನವಾದ್ದರಿಂದ ಬಂದವರ ಕ್ಯಾರಿಯರಿನಲ್ಲೆಲ್ಲ ಬಾಡೂಟ. ಕಾಡಿನೊಳಗೆ ಮಾಂಸದ ಅಡುಗೆ ಒಯ್ಯುವಂತಿಲ್ಲ ಎಂಬುದು ನಿಮ್ಮ ಫಲಕದ ಎರಡನೇ ಸಾಲು. ಮಂಚಯ್ಯ ಒಂದೊಂದು ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡಿ, ತಿಂದು ಬನ್ನಿ ಎಂದು ವಾಪಸು ಕಳಿಸುತ್ತಿದ್ದ. ಎಂಟು ಗಂಟೆಗೆ ಗೇಟಿನ ಎರಡು ಬದಿಯಲ್ಲೂ ಕೈಮದ ಉಂಡೆ ತಿನ್ನುತ್ತಾ ಕುಳಿತ ಪ್ರವಾಸಿಗರೇ ಪ್ರವಾಸಿಗರು. ಹುಲಿ ನೋಡಲು ಬಂದವರು ಬೀದಿನಾಯಿಗಳನ್ನು ನೋಡುತ್ತಿದ್ದರು. ಅಷ್ಟರಲ್ಲಿ ಮೇಲಿನ ಕಚೇರಿಯ ಯಾರೋ ಅತಿಥಿಗಳ ಕಾರು ಬಂತು. ಅಡ್ಡಗಂಬ ತಾನಾಗಿ ಎದ್ದಿತು, ಗುಮಾಸ್ತರೂ ಎದ್ದರು. ಹಿಂದಿನ ಸೀಟಿನಲ್ಲಿ ಒಂದು ನಾಯಿ ಕಿಟಕಿಗೆ ಮೂತಿ ಇಟ್ಟು ನಮ್ಮೆಲ್ಲರನ್ನೂ ನೋಡುತ್ತಾ ಒಳಗೆ ಹೋಯಿತು. ಫಲಕದ ಮೂರನೇ ಸಾಲು: ಸಾಕುಪ್ರಾಣಿಗಳಿಗೆ ಪ್ರವೇಶವಿಲ್ಲ. ನಾಲ್ಕನೇ ಸಾಲಿಗೆ ಆಮೇಲೆ ಬರುತ್ತೇನೆ.

ಆ ಸಾಲಿನಲ್ಲಿ ಹದಿನಾರನೆಯವಳಾಗಿ ನಿಂತಿದ್ದವಳು ಚಿಕ್ಕಮಾದಿ. ಹುಟ್ಟಿದ್ದು, ಮದುವೆಯಾದದ್ದು, ಮಕ್ಕಳನ್ನು ಹೆತ್ತದ್ದು ಎಲ್ಲವೂ ನಿಮ್ಮ ಗೇಟಿನ ಒಳಗೆ. ಆಗ ಗೇಟು ಇರಲಿಲ್ಲ ಎಂಬುದು ಬೇರೆ ಮಾತು. ಐದು ವರ್ಷದ ಹಿಂದೆ ಅವರ ಹಾಡಿಯ ಗುಡಿಸಲುಗಳನ್ನೆಲ್ಲ ಎಬ್ಬಿಸಿ ರಸ್ತೆಯ ಈಚೆ ಹೊಸ ಜಾಗದಲ್ಲಿ ಕೂರಿಸಿದಿರಿ. ಅವಳ ಗಂಡ ಬೆಳ್ಳ, ಆನೆ ಯಾವ ದಾರಿಯಲ್ಲಿ ಹೋಗಿದೆ ಎಂದು ಹುಲ್ಲು ನೋಡಿ ಹೇಳುತ್ತಿದ್ದವನು, ಆ ಹೊಸ ಜಾಗದಲ್ಲಿ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನುಗಳಿಗೆ ಸೌದೆ ಸೀಳಿ ಬದುಕಿದ. ಈ ವರ್ಷ ಶಿವರಾತ್ರಿ ಕಳೆದ ನಾಲ್ಕನೇ ದಿನ ಸತ್ತ.

ಅವರ ಮನೆತನದಲ್ಲಿ ಒಂದು ಪದ್ಧತಿ. ಸತ್ತವನ ಹೆಸರಿನಲ್ಲಿ ಹೊಳೆಯಿಂದ ಒಂದು ಗುಂಡುಕಲ್ಲು ಆರಿಸಿ, ಹೆಂಡತಿ ಅದನ್ನು ಮಡಿಲಲ್ಲಿ ಹೊತ್ತು, ಹಳೆಯ ಹಾಡಿಯ ಮತ್ತಿ ಮರದ ಕೆಳಗೆ ಅವರ ಹಿರಿಯರ ಕಲ್ಲುಗಳಿರುವ ಸಾಲಿನ ಕೊನೆಗೆ ಇಡಬೇಕು. ಸೂರ್ಯ ನೆತ್ತಿಗೆ ಬರುವುದರೊಳಗೆ ಇಡಬೇಕು. ಹೊರಟ ಮೇಲೆ ದಾರಿಯಲ್ಲಿ ಎಲ್ಲೂ ನೆಲಕ್ಕಿಳಿಸುವಂತಿಲ್ಲ; ಇಳಿಸಿದಲ್ಲೇ ಸತ್ತವನು ನಿಂತುಬಿಡುತ್ತಾನೆ, ಮುಂದೆ ಬರುವುದಿಲ್ಲ. ಕಲ್ಲು ಇಟ್ಟು ಬಂದ ದಿನವೇ ಅವಳು ತನ್ನ ಒಲೆ ಹಚ್ಚಬಹುದು. ಅಲ್ಲಿಯವರೆಗೆ ಬೇರೆಯವರ ಒಲೆಯ ಅನ್ನ.

ಇದರಲ್ಲಿ ನನ್ನ ತಪ್ಪು ಎಲ್ಲಿಂದ ಶುರುವಾಯಿತು ಎಂಬುದನ್ನೂ ಬರೆಯಬೇಕು. ಅವಳ ಅಳಿಯ ಕರಿಯ, ಹನಗೋಡಿನ ಕಡೆಯಿಂದ ಹೊಳೆ ದಾಟಿ ಕಾಲುದಾರಿಯಲ್ಲಿ ನಸುಕಿನಲ್ಲೇ ಅವಳನ್ನು ಕರೆದುಕೊಂಡು ಹೋಗಿ ಬರೋಣ ಎಂದುಕೊಂಡಿದ್ದ. ಅಂಗಡಿಯ ಬೆಂಚಿನಲ್ಲಿ ಕುಳಿತು ನನಗೂ ಹೇಳಿದ. ನಾನು ಬುದ್ಧಿವಂತ ನೋಡಿ, ಸುಮ್ಮನಿರಲಿಲ್ಲ.

“ಅವ್ಳ ಗಂಡನ್ನ ಅವ್ಳು ತಕ್ಕೊಂಡೋಗಕೆ ಕಳ್ಳರಂಗೆ ಯಾಕ್ಲಾ ವೋಗ್ಬೇಕು? ನಾನ್ ಅರ್ಜಿ ಬರ್ಕೊಡ್ತೀನಿ. ಗೇಟಲ್ಲೇ ತಲೆ ಎತ್ಕೊಂಡ್ ವೋಗ್ಲಿ.”

“ತಲೆ ಎತ್ಕೊಂಡ್ ನಿಂತ್ಕಬೋದು ಬುಡಿ ಸಾವ್ಕಾರ್ರೆ,” ಎಂದ ಕರಿಯ. “ವೋಗೋದ್ ಬ್ಯಾರೆ ಮಾತು.”

ಅವನ ಮಾತಿಗೆ ನಾನು ನಕ್ಕೆ. ಅರ್ಜಿ ಬರೆದೆ. ಗುಮಾಸ್ತರು, ಭಾನುವಾರ ಎಲ್ಲರ ಜೊತೆ ಸಾಲಿನಲ್ಲಿ ಬರಲಿ, ವ್ಯಾನಿನಲ್ಲಿ ಕೂರಿಸಿ ಕಳಿಸುತ್ತೇವೆ, ಅತಿಥಿಗೃಹದ ಹತ್ತಿರ ಇಳಿದರೆ ಹಳೆಯ ಹಾಡಿ ಕೂಗಳತೆ ದೂರ ಎಂದರು. ಒಂದು ನಮೂನೆಯನ್ನೂ ಕೊಟ್ಟರು. ಅದರಲ್ಲಿ ‘ಭೇಟಿಯ ಉದ್ದೇಶ’ ಎಂಬ ಕಡೆ ಮೂರು ಆಯ್ಕೆ: ಪ್ರಾಣಿ ವೀಕ್ಷಣೆ, ಛಾಯಾಚಿತ್ರ, ವಿಶ್ರಾಂತಿ. ಗಂಡನನ್ನು ಅವನ ಹಿರಿಯರ ಪಕ್ಕ ಇಟ್ಟು ಬರುವುದು ವಿಶ್ರಾಂತಿಗೆ ಹತ್ತಿರ ಎಂದು ತೀರ್ಮಾನಿಸಿ ಅದಕ್ಕೆ ಗುರುತು ಹಾಕಿದೆ. ಕೆಳಗೆ ‘ಜೊತೆಯಲ್ಲಿರುವ ವಸ್ತುಗಳು’ ಎಂದಿತ್ತು. ಅರ್ಜಿ ಬರೆಯುವವನ ಚಾಳಿ, ಖಾಲಿ ಜಾಗ ಕಂಡರೆ ಕೈ ಕಡಿಯುತ್ತದೆ. ಎಲೆಅಡಿಕೆ ಚೀಲ ಒಂದು, ನೀರಿನ ಸೋರೆಬುರುಡೆ ಒಂದು, ಕಲ್ಲು ಒಂದು ಎಂದು ದುಂಡಗೆ ಬರೆದೆ. ಕಲ್ಲು ಬರೆಯದೆ ಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಸೆರಗಿನಲ್ಲಿ ಸುತ್ತಿದ ಗಂಟನ್ನು ಮಂಚಯ್ಯ ಬಿಚ್ಚಿಸುತ್ತಿರಲಿಲ್ಲ. ಎರಡು ತಿಂಗಳಿಂದ ಆ ಎರಡು ಪದಗಳನ್ನು ನಾನು ಮನಸ್ಸಿನಲ್ಲೇ ಹೊಡೆದು ಹಾಕುತ್ತಿದ್ದೇನೆ.

ಐದೂವರೆಗೆ ಬಂದವಳು ಒಂಬತ್ತೂವರೆಯವರೆಗೆ ನಿಂತಳು. ಒಂದು ದೊಡ್ಡ ತೆಂಗಿನಕಾಯಿಯಷ್ಟು ಕಲ್ಲು, ನಾಲ್ಕು ಗಂಟೆ ಹೊತ್ತು, ಮಡಿಲಲ್ಲಿ. ಕೂರಲಿಲ್ಲ, ಕೂತು ಏಳುವಾಗ ಒಂದು ಕೈ ನೆಲಕ್ಕೆ ಊರಬೇಕಾಗುತ್ತದಲ್ಲ, ಆ ಭಯ. ಟೀ ತಂದುಕೊಟ್ಟರೆ ಲೋಟ ಹಿಡಿಯಲು ಕೈಗೆ ಬಿಡುವಿರಲಿಲ್ಲ. ಅವಳ ಹಿಂದಿದ್ದ ಮೈಸೂರಿನ ಒಬ್ಬರು, ಒಳ್ಳೆಯವರೇ, ಗಂಟನ್ನು ಕೆಳಗಿಡಜ್ಜಿ, ಯಾರೂ ಕದ್ದುಕೊಂಡು ಹೋಗುವುದಿಲ್ಲ ಎಂದರು. ಇಡೋ ಹಾಗಿಲ್ಲ ಎಂದಳು. ಅಂಥದ್ದೇನಿದೆ ಅದರಲ್ಲಿ ಎಂದು ಕೇಳಿದರು.

“ನಮ್ಮನೆಯೋನು ಕಣಪ್ಪ.”

ಸಾಲು ನಕ್ಕಿತು. ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿತು. ಆ ಮೈಸೂರಿನವರು ತಮ್ಮ ಛತ್ರಿ ಬಿಚ್ಚಿ ಅವಳ ತಲೆಯ ಮೇಲೆ ಹಿಡಿದರು. ನಿಮ್ಮ ಗೇಟಿನಲ್ಲಿ ಆ ದಿನ ನಡೆದ ಏಕೈಕ ವ್ಯವಸ್ಥೆ ಅದು.

ಅವಳ ಸರದಿ ಬಂದಾಗ ಗುಮಾಸ್ತರ ಬೆರಳು ಪಟ್ಟಿಯ ಮೇಲೆ ಇಳಿಯುತ್ತಾ ಬಂದು ಕೊನೆಯಲ್ಲಿ ನಿಂತಿತು. ಕಲ್ಲು ಒಂದು. ಫಲಕದ ನಾಲ್ಕನೇ ಸಾಲಿಗೆ ಈಗ ಬರೋಣ: ಪ್ರಾಣಿಗಳ ಮೇಲೆ ಎಸೆಯಬಹುದಾದ ಯಾವುದೇ ವಸ್ತುವನ್ನು ಒಯ್ಯತಕ್ಕದ್ದಲ್ಲ. ಈ ನಿಯಮದ ಹಿನ್ನೆಲೆ ನನಗೆ ಗೊತ್ತು, ಅದು ಒಳ್ಳೆಯ ನಿಯಮವೇ. ಹಿಂದಿನ ವರ್ಷ ಯಾರೋ ಕಾಲೇಜು ಮಂದಿ ವ್ಯಾನಿನ ಕಿಟಕಿಯಿಂದ ಮರಿಯಾನೆಗೆ ಕಲ್ಲು ಹೊಡೆದಿದ್ದರು. ಆನೆಗಳಿಗೆ ಕಲ್ಲು ಹೊಡೆದವರು ಪದವಿ ತೆಗೆದುಕೊಂಡು ಹೋದರು. ಅವರಿಗಾಗಿ ಬರೆದ ಸಾಲು ಚಿಕ್ಕಮಾದಿಗಾಗಿ ಕಾದುಕೊಂಡು ಇಲ್ಲೇ ಉಳಿದಿತ್ತು.

ಮಂಚಯ್ಯ ಹನಗೋಡಿನ ಕಡೆಯ ಒಕ್ಕಲು ಮನೆಯವನು, ಇಂಥದ್ದೆಲ್ಲ ತಿಳಿದವನು. “ಇದು ಎಸೆಯೋ ಕಲ್ಲಲ್ಲ ಸಾರ್, ಸತ್ತೋರ್ ಕಲ್ಲು,” ಎಂದ.

“ಎಸೆಯೋ ಕಲ್ಲು ಬೇರೆ, ಎಸೆಯದ ಕಲ್ಲು ಬೇರೆ ಅಂತ ಬೋರ್ಡಲ್ಲಿ ಬರೆದಿದ್ಯೇನ್ರೀ?” ಎಂದರು ಗುಮಾಸ್ತರು. ಕಲ್ಲನ್ನು ಮೇಜಿನ ಮೇಲೆ ಇಡಿಸಿ, ನೋಡಿ ಹೇಳುತ್ತೇನೆ ಎಂದರು.

ಅವಳು ಆಗುವುದಿಲ್ಲವೆಂದು ತಲೆಯಾಡಿಸಿದಳು. ಹಿಂದೆ ಹಾರನ್ನುಗಳು ಶುರುವಾದವು. ಗಡಿಯಾರ ಹತ್ತಕ್ಕೆ ಇಪ್ಪತ್ತು ನಿಮಿಷ ತೋರಿಸುತ್ತಿತ್ತು. ನಾನು ಒಲೆ ಬಿಟ್ಟು ಓಡಿಹೋದೆ. ಗುಮಾಸ್ತರು ನೋಡುವುದು ಎರಡು ನಿಮಿಷ, ನೋಡಿದರೆ ಬಿಡುತ್ತಾರೆ, ಮೇಜು ನೆಲವಲ್ಲವಲ್ಲ. ಹನ್ನೊಂದು ವರ್ಷ ತಾಲ್ಲೂಕು ಕಚೇರಿಯ ಎದುರು ಕುಳಿತ ತಲೆ ಹೀಗೆ ಓಡುತ್ತದೆ. ಕೊಡಕ್ಕ, ನಾನಿದ್ದೀನಲ್ಲ ಎಂದೆ. ಬೇರೆ ಯಾರು ಕೇಳಿದ್ದರೂ ಅವಳು ಕೊಡುತ್ತಿರಲಿಲ್ಲ. ಅವಳ ಮಡಿಲಿನಿಂದ ಕಲ್ಲು ತೆಗೆದು ಮೇಜಿನ ಮೇಲೆ ಇಟ್ಟವನು ನಾನು, ಮಾನ್ಯರೇ. ಇದನ್ನು ನಿಮ್ಮ ಕಡತದಲ್ಲಿ ಯಾರೂ ಬರೆದಿರಲಾರರು.

ಗುಮಾಸ್ತರು ಕಲ್ಲನ್ನು ನೋಡಲಿಲ್ಲ. ರಸೀದಿ ಪುಸ್ತಕ ತೆಗೆದರು.

“ಇಳಿಸ್ಬುಟ್ರಲ್ಲ ಅಣ್ಣ,” ಎಂದಳು ಚಿಕ್ಕಮಾದಿ. ಬೈಗುಳವೂ ಅಲ್ಲ, ಅಳುವೂ ಅಲ್ಲ. ಅಷ್ಟೇ ಹೇಳಿದಳು.

ಗುಮಾಸ್ತರು ಕೆಟ್ಟವರೇನಲ್ಲ. ಕಲ್ಲು ಇಲ್ಲಿರಲಿ, ನೀನೊಬ್ಬಳು ವ್ಯಾನು ಹತ್ತಮ್ಮ, ಇವತ್ತು ಕೆರೆಯ ಹತ್ತಿರ ಆನೆ ಬಂದಿವೆಯಂತೆ, ನೋಡಿಕೊಂಡು ಬಾ ಎಂದರು. ಅವಳು ವ್ಯಾನನ್ನೂ ಅವರನ್ನೂ ನೋಡಿದಳು. “ಆನೆ ನಂಗೇನ್ ವೊಸದಾ ಬುದ್ದಿ,” ಎಂದು ಹೊರಟು ಹೋದಳು. ಬಂದಾಗ ಹೇಗೆ ತೋಳು ಮಡಚಿಕೊಂಡಿದ್ದಳೋ ಹಾಗೇ ಮಡಚಿಕೊಂಡು ಹೋದಳು. ನಾಲ್ಕು ಗಂಟೆ ಮಡಚಿದ್ದ ತೋಳು ನೆಟ್ಟಗಾಗಿರಲಿಲ್ಲ.

ಆಮೇಲಿನದು ನಿಮ್ಮ ಕಚೇರಿಯ ಕತೆ. ಅಲ್ಲಿಯೂ ಸಾಲು, ಅಲ್ಲಿಯೂ ಬಾಗಿಲಲ್ಲಿ ಒಬ್ಬರು ನನ್ನ ಚೀಲ ತಡಕಿದರು, ಕಲ್ಲೇನೂ ಸಿಗಲಿಲ್ಲ. ಮೊದಲ ಅರ್ಜಿ ತಲುಪಿದೆ ಎಂಬ ಮುದ್ರೆ ಬಿದ್ದದ್ದು ನಾನು ಅಂಚೆಗೆ ಹಾಕಿದ ಹತ್ತೊಂಬತ್ತನೇ ದಿನ. ವಶಪಡಿಸಿಕೊಂಡ ವಸ್ತುಗಳನ್ನು ಆರು ತಿಂಗಳ ನಂತರ ವಿಲೇವಾರಿ ಮಾಡಲಾಗುವುದು, ಅದಕ್ಕೂ ಮೊದಲು ಬೇಕಾದರೆ ವಸ್ತುವಿನ ಒಡೆತನ ರುಜುವಾತು ಮಾಡಬೇಕು ಎಂದರು. ಹೊಳೆಯ ಕಲ್ಲಿಗೆ ಒಡೆತನದ ಕಾಗದ ಎಲ್ಲಿಂದ ತರುವುದು ಎಂದು ಕೇಳಿದೆ. ಅದು ನಿಮ್ಮ ಪ್ರಶ್ನೆ ಎಂದರು. ಅದು ನಿಜ.

ಕೊನೆಗೆ ಕಲ್ಲು ಇರುವುದಾದರೂ ಇದೆಯೇ ನೋಡೋಣ ಎಂದು ಮೇ ತಿಂಗಳಲ್ಲಿ ಗೇಟಿನ ಉಗ್ರಾಣಕ್ಕೆ ಹೋದೆ. ಇರಲಿಲ್ಲ. ಮಂಚಯ್ಯ ನನ್ನನ್ನು ಹೊರಗೆ ಕರೆದುಕೊಂಡು ಬಂದು ಅಡ್ಡಗಂಬದ ಬಾಲದ ಕಡೆ ತೋರಿಸಿದ. ಕಂಬ ಸಲೀಸಾಗಿ ಏಳಲಿ ಎಂದು ಆ ತುದಿಗೆ ತಂತಿಬಲೆಯಲ್ಲಿ ಕಲ್ಲು ತುಂಬಿ ತೂಗುಹಾಕಿರುತ್ತಾರಲ್ಲ, ಅದರಲ್ಲಿ ಒಂದು ಕಲ್ಲು ಬಿರಿದು ಬಿದ್ದಿತ್ತಂತೆ, ಭಾರ ಸಾಲದೆ ಕಂಬ ಏಳುತ್ತಿರಲಿಲ್ಲವಂತೆ. “ದೊಡ್ಡೋರ್ ಕಾರ್ ಬಂದ್ಬುಡ್ತು ಅಣ್ಣೋ. ಕೈಗ್ ಸಿಕ್ಕಿದ್ದ ತುಂಬ್ದೆ. ನೋಡುದ್ರೆ ಅದು,” ಎಂದು ತಲೆ ತಗ್ಗಿಸಿದ. ಅಂದರೆ ಕಾಡಿನೊಳಗೆ ಬರಲು ಅನುಮತಿಯಿಲ್ಲದ ಬೆಳ್ಳ ಈಗ ದಿನಕ್ಕೆ ನೂರು ಸಲ ಇಳಿದು, ಹುಲಿ ನೋಡಲು ಬಂದವರಿಗೆ ಬಾಗಿಲು ತೆರೆಯುತ್ತಿದ್ದಾನೆ. ಸಂಬಳವಿಲ್ಲದೆ.

ಇದನ್ನು ಚಿಕ್ಕಮಾದಿಗೆ ಹೇಗೆ ಹೇಳುವುದು ಎಂದು ಎರಡು ದಿನ ಒದ್ದಾಡಿ ಹೇಳಿದೆ. ಅವಳು ಮೊದಲು ಕೇಳಿದ್ದು ಇದನ್ನು.

“ಕಂಬ ಎತ್ದಾಗ ನೆಲಕ್ ತಾಕ್ತದಾ ಅಣ್ಣ?”

ತಾಕುವುದಿಲ್ಲ, ಒಂದು ಗೇಣು ಮೇಲೇ ನಿಲ್ಲುತ್ತದೆ ಎಂದೆ. ಅದಕ್ಕೂ ಮುಂಚೆ ಉಗ್ರಾಣದಲ್ಲಿ ಎಲ್ಲಿಟ್ಟಿದ್ದರು ಎಂದು ಮಂಚಯ್ಯನನ್ನು ಕರೆಸಿ ಕೇಳಿದಳು. ಹಳೇ ಟೈರಿನ ಮೇಲೆ, ನೆಲದ ಮೇಲಲ್ಲ ಎಂದ. ಅವನು ನಿಜ ಹೇಳಿದನೋ ಇಲ್ಲವೋ ನಾನು ಕೇಳಿಲ್ಲ, ಕೇಳುವುದೂ ಇಲ್ಲ. ಅವಳು ಮತ್ತೆ ಲೆಕ್ಕ ಹಾಕಿದಳು: ಮೇಜು ಮರದ್ದು, ಟೈರು ರಬ್ಬರಿನದು, ಈಗ ಗಾಳಿಯಲ್ಲಿದೆ. “ಅಂಗಾರೆ ಇನ್ನೂ ದಾರೀಲೇ ಅವ್ನೆ,” ಎಂದಳು. ಆ ದಿನ ಅವಳ ಮುಖದಲ್ಲಿ ಕಂಡದ್ದನ್ನು ಬರೆಯಲು ನನ್ನ ನಾಲ್ಕನೇ ಕ್ಲಾಸು ಸಾಲದು.

ಅಂದಿನಿಂದ ಪ್ರತಿದಿನ ಆರಕ್ಕೆ ಬರುತ್ತಾಳೆ. ಕಂಬದ ಬಾಲದ ಹತ್ತಿರ ನಿಂತು, ಪ್ರತಿ ಕಾರಿಗೂ ಬಲೆ ಇಳಿಯುವುದನ್ನು ನೋಡುತ್ತಾಳೆ. ತಂತಿ ಜಗ್ಗಿದರೆ ಮಂಚಯ್ಯನಿಗೆ ಹೇಳುತ್ತಾಳೆ, ಅವನು ಬಿಗಿಯುತ್ತಾನೆ. ಪ್ರವಾಸಿಗರು ಅವಳ ಫೋಟೋ ತೆಗೆಯುತ್ತಾರೆ. ಅವಳ ಒಲೆ ಇನ್ನೂ ಹಚ್ಚಿಲ್ಲ. ಮಗಳ ಮನೆಯಲ್ಲೇ ಗಂಜಿ ಸಾಲದು, ಅದರಲ್ಲಿ ಒಂದು ಹೊತ್ತಿನ ಪಾಲು ತೆಗೆದುಕೊಂಡು ಮೂರು ತಿಂಗಳು ಕಳೆದಿದ್ದಾಳೆ. ಸಾಲಿನಲ್ಲಿ ನಿಂತಿದ್ದ ಹೆಂಗಸು ಇವಳೇನಾ ಎನ್ನುವಷ್ಟು ಇಳಿದಿದ್ದಾಳೆ.

ರಾತ್ರೋರಾತ್ರಿ ತಂತಿ ಕತ್ತರಿಸಿ ಕಲ್ಲು ತೆಗೆಯುವುದೇನು ಮಹಾ ಎಂದು ಓದುಗರು ಕೇಳಬಹುದು. ಕರಿಯನೂ ಅದನ್ನೇ ಹೇಳಿದ. ಆದರೆ ನೂರ ಹದಿನೇಳನೇ ನಂಬರಿನ ಕೆಳಗೆ ಕಾವಲಿಗೆ ಹೊಣೆ ಎಂದು ಮಂಚಯ್ಯನ ಹೆಬ್ಬೆಟ್ಟಿದೆ. ವಸ್ತು ಹೋದರೆ ಅವನ ದಿನಗೂಲಿ ಹೋಗುತ್ತದೆ. ಅದು ಬೇಡ ಎಂದವಳು ಚಿಕ್ಕಮಾದಿಯೇ. ಮಂಚಯ್ಯನ ಮಕ್ಕಳನ್ನು ಉಪವಾಸ ಕೆಡವಿ ಕರೆದುಕೊಂಡು ಹೋದರೆ ಬೆಳ್ಳ ಅಲ್ಲಿ ಹೋಗಿ ಕೂರುತ್ತಾನಾ ಎಂದು ಕೇಳಿದಳು.

ಈಗ ನಿಮ್ಮ ಗೇಟಿನ ಗೋಡೆಗೆ ಒಂದು ಪ್ರಕಟಣೆ ಅಂಟಿಸಿದ್ದೀರಿ. ಪ್ರವಾಸಿಗರ ಅನುಕೂಲಕ್ಕಾಗಿ ಹೊಸ ಕಬ್ಬಿಣದ ಗೇಟು. ಬರುವ ಜುಲೈ ಮೂರನೇ ತಾರೀಖು ಸೋಮವಾರ ಹಳೆಯ ಅಡ್ಡಗಂಬವನ್ನು ಕಿತ್ತು, ಅದರ ಕಲ್ಲುಮಣ್ಣನ್ನು ರಸ್ತೆಯ ಗುಂಡಿಗೆ ತುಂಬತಕ್ಕದ್ದು. ಕೀಳುವವರು ಮೊದಲು ಮಾಡುವ ಕೆಲಸ ಬಾಲದ ತಂತಿ ಕತ್ತರಿಸುವುದು. ಕತ್ತರಿಸಿದರೆ ಬಲೆ ಎಲ್ಲಿಗೆ ಬೀಳುತ್ತದೆ ಎಂಬುದನ್ನು ನಾನು ನಿಮಗೆ ವಿವರಿಸಬೇಕಾಗಿಲ್ಲ.

ಮೊದಲು ಕೇಳಿದ್ದು ಅವಳನ್ನು ಒಳಗೆ ಬಿಡಿ ಎಂದು. ಆಮೇಲೆ, ಕಲ್ಲನ್ನಾದರೂ ಕೊಡಿ ಎಂದು. ಎರಡನ್ನೂ ಈಗಲೂ ಕೇಳುತ್ತಿದ್ದೇನೆ. ಆದರೆ ಹದಿಮೂರು ದಿನದಲ್ಲಿ ನಿಮ್ಮ ಕಚೇರಿಯಿಂದ ಒಂದು ಆಜ್ಞೆ ಹೊರಟು ಬಿದಿರುಹಳ್ಳ ಮುಟ್ಟುತ್ತದೆ ಎಂದು ನಂಬಲು ನನ್ನ ಪುಸ್ತಕದಲ್ಲಿ ಒಂದು ಆಧಾರವೂ ಇಲ್ಲ. ಹಾಗಾಗಿ ಮೂರನೆಯದನ್ನು ಕೇಳುತ್ತೇನೆ. ಇದಕ್ಕೆ ಕಡತ ಬೇಡ, ಗುತ್ತಿಗೆದಾರರಿಗೆ ಒಂದು ಬಾಯಿಮಾತು ಸಾಕು. ಸೋಮವಾರ ಬೆಳಿಗ್ಗೆ ತಂತಿ ಕತ್ತರಿಸುವ ಹೊತ್ತಿಗೆ ಒಬ್ಬ ಮುದುಕಿ, ಅವಳ ಅಳಿಯ ಮತ್ತು ಒಬ್ಬ ಟೀ ಅಂಗಡಿಯವನು ಆ ಬಲೆಯ ಕೆಳಗೆ ಕಂಬಳಿ ಬಿಚ್ಚಿ ಹಿಡಿದುಕೊಂಡು ನಿಂತಿರುತ್ತೇವೆ. ನಮ್ಮನ್ನು ಅಲ್ಲಿಂದ ಓಡಿಸಬೇಡಿ. ಸರ್ಕಾರಿ ಕೆಲಸಕ್ಕೆ ಅಡ್ಡಿ ಎಂದು ಬರೆಯಬೇಡಿ, ವಸ್ತು ಹೋಯಿತೆಂದು ಮಂಚಯ್ಯನ ಮೇಲೆ ಹಾಕಬೇಡಿ. ಕಲ್ಲು ಕಂಬಳಿಗೆ ಬೀಳುವವರೆಗೆ ಅಷ್ಟೇ.

ಕಂಬಳಿಯಿಂದ ಅದನ್ನು ಅವಳು ಮತ್ತೆ ಮಡಿಲಿಗೆ ತೆಗೆದುಕೊಳ್ಳುತ್ತಾಳೆ. ಹೊಸ ಗೇಟಿನಲ್ಲಿ ಹೊಸ ಸಾಲು ಶುರುವಾಗುತ್ತದೆ, ಅದರಲ್ಲಿ ನಿಲ್ಲುತ್ತಾಳೆ. ಎಷ್ಟು ದಿನ ಹಾಗೆ ಹೊತ್ತುಕೊಂಡಿರುತ್ತೀಯ ಎಂದು ನಾನು ಅವಳನ್ನು ಕೇಳಿಲ್ಲ.

ಇಂತಿ,
ಉತ್ತರ ಬಾರದಿದ್ದರೂ ವಿಳಾಸ ಬದಲಿಸದ,
ಸಣ್ಣಬೀರಯ್ಯ
ಬಿದಿರುಹಳ್ಳ, ಹುಣಸೂರು ತಾಲ್ಲೂಕು
೨೦ ಜೂನ್ ೧೯೭೮